ದಶಲಕ್ಷದಲ್ಲೊಂದು ಪಾಲು: ಟ್ರಾಂಬೆಯ ಕಲ್ಮಶ ಶೋಧದ ಚರಿತ್ರೆ

ಸೂರ್ಯನೊಳಗೆ ನಡೆಯುವ ಬೈಜಿಕ ಸಮ್ಮಿಲನವನ್ನು ಹತೋಟಿಗೆ ತಂದು ಶಕ್ತಿ ಪಡೆಯುವ ದಾರಿ ಇನ್ನೆರಡು ದಶಕಗಳೊಳಗೆ ಸಿಕ್ಕೀತು ಎಂದು 1955ರ ಆಗಸ್ಟ್ 8ರಂದು ಜಿನೀವಾದಲ್ಲಿ ಭವಿಷ್ಯ ನುಡಿದವರು ಮುಂಬಯಿಯ ಹೋಮಿ ಜಹಾಂಗೀರ್ ಭಾಭಾ. ಪರಮಾಣು ಶಕ್ತಿಯ ಶಾಂತಿಯುತ ಬಳಕೆಗಾಗಿ ವಿಶ್ವಸಂಸ್ಥೆ ಕರೆದಿದ್ದ ಮೊದಲ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಅಮೆರಿಕ, ಬ್ರಿಟನ್, ಸೋವಿಯತ್ ಒಕ್ಕೂಟ ಮೂರೂ ಆ ಹೊತ್ತಿಗೆ ಈ ಕೆಲಸವನ್ನು ಗುಟ್ಟಾಗಿ ನಡೆಸುತ್ತಿದ್ದವು. ಭಾಭಾ ಬಾಯಿಬಿಟ್ಟ ಮೇಲೆ ಅಮೆರಿಕದ ಪರಮಾಣು ಶಕ್ತಿ ಆಯೋಗವೂ ತನ್ನಲ್ಲಿ ಅಂಥ ಯೋಜನೆ ಇರುವುದನ್ನು ಒಪ್ಪಿಕೊಂಡಿತು. ಇಪ್ಪತ್ತು ವರ್ಷದ ಗಡುವು 1975ಕ್ಕೆ ತೀರಿತು. ಸಮ್ಮಿಲನದ ವಿದ್ಯುತ್ತು ಇಂದಿಗೂ ಯಾವ ಮನೆಯ ದೀಪವನ್ನೂ ಹೊತ್ತಿಸಿಲ್ಲ. ತಡಕ್ಕೆ ಕಾರಣ ಹಲವು. ಕಾಂತಕ್ಷೇತ್ರದ ಹಿಡಿತಕ್ಕೆ ಸಿಗದೆ ಜಾರುವ ಪ್ಲಾಸ್ಮಾದ, ಅಂದರೆ ಇಲೆಕ್ಟ್ರಾನುಗಳು ಕಳಚಿದ ಕಾದ ಅನಿಲದ, ಚಂಚಲತೆಯ ಬಗ್ಗೆ ಎಲ್ಲರೂ ಬರೆಯುತ್ತಾರೆ. ಅಷ್ಟು ಹೆಸರಾಗದೆ ಅಷ್ಟೇ ಕಾಡಿದ್ದು ಕಲ್ಮಶ. ವಿಚಿತ್ರವೆಂದರೆ, ಕಲ್ಮಶವನ್ನು ಪತ್ತೆ ಹಚ್ಚುವ, ತೆಗೆದು ಹಾಕುವ ಕಸುಬನ್ನೇ ಭಾಭಾ ಅದೇ ವರ್ಷಗಳಲ್ಲಿ ಮುಂಬಯಿಯ ಪೂರ್ವದಂಚಿನ ಟ್ರಾಂಬೆಯಲ್ಲಿ ನೆಲೆಗೊಳಿಸುತ್ತಿದ್ದರು. ಅದರ ಉದ್ದೇಶ ಮಾತ್ರ ಬೇರೆ.

ಭಾಭಾ ಸ್ಥಾಪಿಸಿದ ಟಾಟಾ ಮೂಲವಿಜ್ಞಾನ ಸಂಸ್ಥೆ 1945ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಹುಟ್ಟಿ, ವರ್ಷಾಂತ್ಯದಲ್ಲಿ ಮುಂಬಯಿಯ ಪೆಡ್ಡರ್ ರೋಡಿನ ಕೆನಿಲ್‌ವರ್ತ್ ಬಂಗಲೆಗೆ ಬಂತು. ಅಲ್ಲಿಂದ ಗೇಟ್‌ವೇ ಬಳಿಯ ಹಳೆಯ ಯಾಟ್ ಕ್ಲಬ್ಬಿಗೆ, ಕೊನೆಗೆ ಕೊಲಾಬಾದ ಕಡಲಂಚಿಗೆ. ಮೂಲಭೂತ ಸಂಶೋಧನೆಗೆ ಈ ಜಾಗಗಳು ಸಾಕು, ರಿಯಾಕ್ಟರಿಗೆ ಸಾಲವು. 1954ರ ಜನವರಿಯಲ್ಲಿ ಟ್ರಾಂಬೆಯ ಪರಮಾಣು ಶಕ್ತಿ ಸಂಸ್ಥೆ ಸ್ಥಾಪನೆಯಾಯಿತು. ಭಾಭಾ ತೀರಿಕೊಂಡ ಮರುವರ್ಷ, 1967ರಲ್ಲಿ, ಅದಕ್ಕೆ ಅವರ ಹೆಸರಿಟ್ಟರು. ಒಂದು ಬದಿಗೆ ಗುಡ್ಡ, ಇನ್ನೊಂದು ಬದಿಗೆ ಠಾಣೆ ಖಾಡಿ. ನೆರೆಹೊರೆ ಮಾತ್ರ ಶುದ್ಧಿಯ ಕೆಲಸಕ್ಕೆ ಹೇಳಿ ಮಾಡಿಸಿದ್ದಲ್ಲ. 1954-55ರಲ್ಲಿ ಮಾಹುಲ್ ಕಡೆ ಎರಡು ತೈಲ ಸಂಸ್ಕರಣಾಗಾರಗಳು ಎದ್ದವು, 1956ರಲ್ಲಿ ಟಾಟಾ ಉಷ್ಣ ವಿದ್ಯುತ್ ಸ್ಥಾವರ, ಆಮೇಲೆ ರಸಗೊಬ್ಬರ ಕಾರ್ಖಾನೆ. ಚೆಂಬೂರಿನವರು ತಮ್ಮ ಬಡಾವಣೆಯನ್ನು ಗ್ಯಾಸ್ ಚೇಂಬರ್ ಎಂದು ಕರೆದುಕೊಂಡ ಕಾಲವಿತ್ತು. ಆ ಚಿಮಣಿಗಳ ಸಾಲಿನ ಆಚೆಗೇ ದಶಲಕ್ಷದಲ್ಲೊಂದು ಪಾಲು ಕಲ್ಮಶವನ್ನು ಹುಡುಕುವ ಪ್ರಯೋಗಶಾಲೆಗಳು ಬಂದವು.

ಅಷ್ಟೊಂದು ಮಡಿ ಬೇಕಾದದ್ದು ನ್ಯೂಟ್ರಾನುಗಳ ಲೆಕ್ಕಾಚಾರದಿಂದ. ನೈಸರ್ಗಿಕ ಯುರೇನಿಯಂನಲ್ಲಿ ಸರಣಿಕ್ರಿಯೆ ನಡೆಸಬೇಕಾದರೆ ನ್ಯೂಟ್ರಾನಿನ ಜಮಾ-ಖರ್ಚು ಅಂಚಿನ ಮೇಲೆಯೇ ನಿಂತಿರುತ್ತದೆ. ನಡುವೆ ಬಾಯಿ ಹಾಕುವ ಧಾತುವೊಂದು ಇದ್ದರೆ ಕ್ರಿಯೆ ನಂದಿಹೋಗುತ್ತದೆ. ಅಂಥ ಹೊಟ್ಟೆಬಾಕರಲ್ಲಿ ಬೋರಾನ್, ಕ್ಯಾಡ್ಮಿಯಂ, ಗ್ಯಾಡೋಲಿನಿಯಂ ಮುಂದು. ತೂಕಕ್ಕೆ ತೂಕ ಹೋಲಿಸಿದರೆ ಬೋರಾನ್ ಯುರೇನಿಯಂಗಿಂತ ಸುಮಾರು ಎರಡು ಸಾವಿರ ಪಟ್ಟು ಹೆಚ್ಚು ನಿಧಾನಗತಿಯ ನ್ಯೂಟ್ರಾನುಗಳನ್ನು ನುಂಗುತ್ತದೆ. ಇದನ್ನು ಕಡೆಗಣಿಸಿದರೆ ಏನಾದೀತು ಎಂಬುದಕ್ಕೆ ಯುದ್ಧಕಾಲದ ಜರ್ಮನಿಯೇ ಸಾಕ್ಷಿ. 1941ರಲ್ಲಿ ಭೌತವಿಜ್ಞಾನಿ ವಾಲ್ಟರ್ ಬೋಥೆ, ನ್ಯೂಟ್ರಾನುಗಳನ್ನು ನಿಧಾನಗೊಳಿಸಲು ಬಳಸುವ ಗ್ರಾಫೈಟನ್ನು ಅಳೆದು, ಇದು ನ್ಯೂಟ್ರಾನುಗಳನ್ನು ಅತಿಯಾಗಿ ಹೀರುತ್ತದೆ ಎಂದು ತೀರ್ಮಾನಿಸಿದರು. ಹೀರುತ್ತಿದ್ದುದು ಕಾರ್ಬನ್ ಅಲ್ಲ, ಅದರೊಂದಿಗೆ ಸೇರಿದ್ದ ಕಲ್ಮಶ. ಜರ್ಮನರು ಗ್ರಾಫೈಟ್ ಬಿಟ್ಟು ಭಾರಜಲದ ಹಿಂದೆ ಹೋದರು. ಅತ್ತ ಅಮೆರಿಕದಲ್ಲಿ ಭೌತವಿಜ್ಞಾನಿ ಲಿಯೋ ಜಿಲಾರ್ಡ್ ಅತಿಶುದ್ಧ ಗ್ರಾಫೈಟೇ ಬೇಕೆಂದು ಪಟ್ಟು ಹಿಡಿದರು. 1942ರ ಡಿಸೆಂಬರಿನಲ್ಲಿ ಷಿಕಾಗೋದ ರಿಯಾಕ್ಟರು ನಡೆಯಿತು.

ಟ್ರಾಂಬೆಯಲ್ಲಿ ಮೊದಲು ಬಂದದ್ದು ಥೋರಿಯಂ ಸ್ಥಾವರ, 1955ರಲ್ಲಿ. ತಿರುವಾಂಕೂರಿನ ಕರಾವಳಿಯ ಮೊನಜೈಟ್ ಮರಳನ್ನು ಆಲುವಾದಲ್ಲಿ ಸಂಸ್ಕರಿಸಿ ಬಂದ ಸರಕಿನಿಂದ ಇಲ್ಲಿ ಥೋರಿಯಂ ನೈಟ್ರೇಟ್ ತಯಾರಾಗುತ್ತಿತ್ತು. ಅದರ ದೊಡ್ಡ ಗಿರಾಕಿ ರಿಯಾಕ್ಟರಲ್ಲ. ಮದುವೆ ಮನೆ, ಜಾತ್ರೆ, ಯಕ್ಷಗಾನದ ರಂಗಸ್ಥಳಗಳಲ್ಲಿ ಉರಿಯುತ್ತಿದ್ದ ಪೆಟ್ರೋಮ್ಯಾಕ್ಸ್ ದೀಪದ ಮ್ಯಾಂಟಲ್. 1956ರ ಆಗಸ್ಟ್ 4ರಂದು ಅಪ್ಸರಾ ರಿಯಾಕ್ಟರು ಚಾಲೂ ಆಯಿತು, ಆದರೆ ಅದರ ಇಂಧನ ಬ್ರಿಟನ್ನಿನದು. ಸ್ವಂತ ಇಂಧನದ ಹೊಣೆ ಲೋಹವಿಜ್ಞಾನಿ ಬ್ರಹ್ಮ ಪ್ರಕಾಶ್ ಅವರಿಗೆ ಬಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಲೋಹವಿಜ್ಞಾನ ವಿಭಾಗಕ್ಕೆ ಮೊದಲ ಭಾರತೀಯ ಮುಖ್ಯಸ್ಥರಾಗಿದ್ದವರು ಅವರು. 1957ರಲ್ಲಿ ಟ್ರಾಂಬೆಗೆ ಬಂದರು. ಯುರೇನಿಯಂ ಲವಣವನ್ನು ಆಮ್ಲದಲ್ಲಿ ಕರಗಿಸಿ, ಟ್ರೈಬ್ಯುಟೈಲ್ ಫಾಸ್ಫೇಟ್ ಎಂಬ ದ್ರಾವಕದಿಂದ ಯುರೇನಿಯಂ ಒಂದನ್ನೇ ಸೆಳೆದು, ಕಲ್ಮಶಗಳನ್ನು ನೀರಿನಲ್ಲೇ ಬಿಟ್ಟು, ಹಂತಹಂತವಾಗಿ ಲೋಹಕ್ಕಿಳಿಸುವುದು ಅಲ್ಲಿಯ ಕ್ರಮ. 1959ರ ಜನವರಿ 30ರಂದು ಪರಮಾಣು ದರ್ಜೆಯ ಯುರೇನಿಯಂನ ಮೊದಲ ಗಟ್ಟಿ ಹೊರಬಂತು. ಮರುವರ್ಷ ಜುಲೈನಲ್ಲಿ ಚಾಲೂ ಆದ ಕೆನಡಾ-ಭಾರತ ರಿಯಾಕ್ಟರಿಗೆ, ಅಂದರೆ ಸೈರಸ್‌ಗೆ, ಇಲ್ಲಿಯ ಇಂಧನವೂ ಹೋಯಿತು.

ಲೋಹ ಶುದ್ಧವಾಗಿದೆ ಎಂದು ಹೇಳುವವರು ಯಾರು? ಕಣ್ಣಿಗೂ ತಕ್ಕಡಿಗೂ ದಶಲಕ್ಷದಲ್ಲೊಂದು ಪಾಲು ಸಿಗದು. ಈ ಕೆಲಸ ಬೆಳಕನ್ನು ಬಿಡಿಸಿ ಓದುವ ರೋಹಿತ ವಿಜ್ಞಾನದ್ದು. ಟ್ರಾಂಬೆಯಲ್ಲಿ ಆ ವಿಭಾಗವನ್ನು ಕಟ್ಟಿದವರು ಆರ್. ಕೆ. ಅಸುಂಡಿ, ಹೆಸರಿನಲ್ಲೇ ಹಳೆಯ ಧಾರವಾಡ ಸೀಮೆಯ ಊರನ್ನು ಹೊತ್ತವರು. 1920ರ ದಶಕದ ಕೊನೆಗೆ ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಕಾರ್ಬನ್ ಮಾನಾಕ್ಸೈಡಿನ ಬೆಳಕನ್ನು ಬಿಡಿಸಿ ನೋಡಿದ್ದರು. ಆ ಅನಿಲದ ಒಂದು ರೋಹಿತ ಪಟ್ಟಿಗಳ ಗುಂಪಿಗೆ ಜಗತ್ತಿನ ಕೈಪಿಡಿಗಳೆಲ್ಲ ಇಂದಿಗೂ ಅಸುಂಡಿ ಪಟ್ಟಿಗಳು ಎಂದೇ ಹೆಸರು ಹೇಳುತ್ತವೆ. ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಬಹುಕಾಲ ರೋಹಿತ ವಿಜ್ಞಾನವನ್ನು ಬೆಳೆಸಿ, ಅನಂತರ ಟ್ರಾಂಬೆಗೆ ಬಂದರು. ಮುಂಬಯಿ ಕನ್ನಡಿಗರ ಚರಿತ್ರೆಯಲ್ಲಿ ಹೋಟೆಲು, ರಾತ್ರಿಶಾಲೆ, ನಾಟಕಗಳಿಗೆ ಸಿಕ್ಕ ಜಾಗ ಈ ಬಗೆಯ ಕೆಲಸಕ್ಕೆ ಸಿಕ್ಕಿಲ್ಲ.

ಆ ಕಾಲದ ಪರೀಕ್ಷೆಯ ವಿಧಾನ ಹೀಗೆ. ಗ್ರಾಫೈಟ್ ಕಡ್ಡಿಯ ತುದಿಯಲ್ಲಿ ಕೊರೆದ ಪುಟ್ಟ ಬಟ್ಟಲಿಗೆ ಮಾದರಿಯ ಪುಡಿ ತುಂಬುತ್ತಾರೆ. ಎದುರಿಗೆ ಇನ್ನೊಂದು ಕಡ್ಡಿ. ನಡುವೆ ವಿದ್ಯುತ್ ಚಾಪ ಹೊತ್ತಿಸಿದರೆ ಪುಡಿ ಆವಿಯಾಗಿ ಬೆಳಗುತ್ತದೆ. ಬೆಳಕು ಸಣ್ಣ ಸೀಳಿನ ಮೂಲಕ ಹಾದು, ಬಣ್ಣಬಣ್ಣವಾಗಿ ಬಿಡಿಸಿಕೊಂಡು ಛಾಯಾಚಿತ್ರದ ಗಾಜಿನ ಫಲಕದ ಮೇಲೆ ಗೆರೆಗೆರೆಯಾಗಿ ಬೀಳುತ್ತದೆ. ಒಂದೊಂದು ಧಾತುವಿಗೂ ತನ್ನದೇ ಗೆರೆಗಳು: ಬೋರಾನಿಗೆ 249.8 ನ್ಯಾನೊಮೀಟರಿನ ಬಳಿ, ಕ್ಯಾಡ್ಮಿಯಂಗೆ 228.8ರಲ್ಲಿ. ಗೆರೆ ಎಷ್ಟು ಕಪ್ಪೋ ಕಲ್ಮಶ ಅಷ್ಟು. ತೊಡಕೆಂದರೆ ಯುರೇನಿಯಂ ತಾನೇ ಸಾವಿರಾರು ಗೆರೆಗಳನ್ನು ಚೆಲ್ಲಿ ಉಳಿದದ್ದನ್ನೆಲ್ಲ ಮುಚ್ಚಿಹಾಕುತ್ತದೆ. ಇದಕ್ಕೆ ಅಮೆರಿಕದ ಯುದ್ಧಕಾಲದ ಪರಮಾಣು ಯೋಜನೆಯಲ್ಲಿ ರೂಪುಗೊಂಡು 1946ರಲ್ಲಿ ಪ್ರಕಟವಾದ ಉಪಾಯವೊಂದು ನೆರವಾಯಿತು. ಯುರೇನಿಯಂ ಆಕ್ಸೈಡಿಗೆ ಒಂದಿಷ್ಟು ಗ್ಯಾಲಿಯಂ ಆಕ್ಸೈಡ್ ಬೆರೆಸಿದರೆ, ಬೇಗ ಆವಿಯಾಗುವ ಕಲ್ಮಶಗಳು ಅದರ ಜೊತೆಯಲ್ಲಿ ಮೊದಲೇ ಮೇಲೇಳುತ್ತವೆ, ಹಟಮಾರಿ ಯುರೇನಿಯಂ ಬಟ್ಟಲಲ್ಲೇ ಉಳಿಯುತ್ತದೆ. ಇನ್ನೊಂದು ಎಚ್ಚರಿಕೆಯೂ ಬೇಕಿತ್ತು: ಕಡ್ಡಿಯ ಗ್ರಾಫೈಟಿನಲ್ಲೇ ಬೋರಾನ್ ಇದ್ದರೆ ಪರೀಕ್ಷೆಯೆಲ್ಲ ವ್ಯರ್ಥ. ಅಳೆಯುವ ಸಲಕರಣೆ ಅಳೆಯುವ ವಸ್ತುವಿಗಿಂತ ಶುದ್ಧವಾಗಿರಬೇಕಿತ್ತು.

ಚಾಪದೊಳಗೆ ಬೆಳಗುವ ಆ ಆವಿ ಕೂಡ ಪ್ಲಾಸ್ಮಾವೇ. ಕಾಂತಕ್ಷೇತ್ರದ ಸಮ್ಮಿಲನ ಯಂತ್ರದಲ್ಲಿ, ಮುಖ್ಯವಾಗಿ ಉಂಗುರಾಕಾರದ ಟೋಕಮಾಕಿನಲ್ಲಿ, ಇರುವುದೂ ಅದರ ಬಂಧುವೇ. ಆದರೆ ಉಷ್ಣತೆ ಹತ್ತಾರು ಕೋಟಿ ಡಿಗ್ರಿ, ಸಾಂದ್ರತೆ ನಾವು ಉಸಿರಾಡುವ ಗಾಳಿಯ ಎರಡೂವರೆ ಲಕ್ಷದಲ್ಲೊಂದು ಪಾಲು. ಇಷ್ಟು ತೆಳುವಾದ ಇಂಧನದಲ್ಲಿ ಕಲ್ಮಶ ಎರಡು ರೀತಿಯಲ್ಲಿ ಕೆಡುಕು ಮಾಡುತ್ತದೆ.

ಮೊದಲನೆಯದು ಜಾಗದ ಕಬಳಿಕೆ. ಕಾರ್ಬನಿನ ಪರಮಾಣು ತನ್ನ ಆರು ಇಲೆಕ್ಟ್ರಾನುಗಳನ್ನೂ ಬಿಟ್ಟುಕೊಟ್ಟಾಗ ಆರು ಹೈಡ್ರೋಜನ್ ಅಯಾನುಗಳ ಜಾಗವನ್ನು ತಾನೊಂದೇ ಹಿಡಿಯುತ್ತದೆ, ಏಕೆಂದರೆ ಕಾಂತಕ್ಷೇತ್ರ ತಡೆದುಕೊಳ್ಳಬಲ್ಲ ಒಟ್ಟು ಒತ್ತಡಕ್ಕೆ ಮಿತಿಯುಂಟು. ಇಲೆಕ್ಟ್ರಾನುಗಳ ಸಂಖ್ಯೆಯ ನೂರರಲ್ಲೊಂದು ಪಾಲಿನಷ್ಟು ಕಾರ್ಬನ್ ಸೇರಿದರೆ ಇಂಧನದಲ್ಲಿ ಶೇಕಡಾ 6ರಷ್ಟು ಕೊರೆ. ಸಮ್ಮಿಲನದ ವೇಗ ಇಂಧನ ಸಾಂದ್ರತೆಯ ವರ್ಗಕ್ಕೆ ಅನುಗುಣವಾದ್ದರಿಂದ ಶಕ್ತಿಯ ಉತ್ಪತ್ತಿ ಶೇಕಡಾ 12ರ ಸುಮಾರು ಕುಸಿಯುತ್ತದೆ.

ಎರಡನೆಯದು ಬೆಳಕಿನ ಸೋರಿಕೆ. ಇಲೆಕ್ಟ್ರಾನು ಅಯಾನಿನ ಬಳಿ ತಿರುಗಿ ಸಾಗುವಾಗ ಎಕ್ಸ್ ಕಿರಣ ಚೆಲ್ಲುತ್ತದೆ, ಮತ್ತು ಈ ನಷ್ಟ ಅಯಾನಿನ ವಿದ್ಯುದಂಶದ ವರ್ಗದಂತೆ ಏರುತ್ತದೆ. ಅದಕ್ಕಿಂತ ಕೆಟ್ಟದ್ದು ಭಾರಧಾತುಗಳ ಕತೆ. ಕಾರ್ಬನ್, ಆಮ್ಲಜನಕಗಳು ನಡುಭಾಗದ ಕಾವಿಗೆ ಪೂರ್ತಿ ಬೆತ್ತಲಾಗಿ ಗೆರೆಬೆಳಕು ಸೂಸುವುದನ್ನು ನಿಲ್ಲಿಸುತ್ತವೆ. ಟಂಗ್‌ಸ್ಟನ್‌ಗೆ ಹತ್ತು ಕೋಟಿ ಡಿಗ್ರಿಯೂ ಸಾಲದು. ಹತ್ತಾರು ಇಲೆಕ್ಟ್ರಾನುಗಳನ್ನು ಅಪ್ಪಿಕೊಂಡೇ ಇರುತ್ತದೆ, ಅವು ಮತ್ತೆ ಮತ್ತೆ ಉದ್ರೇಕಗೊಂಡು ಕಾವನ್ನು ಬೆಳಕಾಗಿಸಿ ಹೊರಗೆಸೆಯುತ್ತವೆ. ಸಾಲದ್ದಕ್ಕೆ ಭಾರದ ಅಯಾನುಗಳಿಗೆ ಪ್ಲಾಸ್ಮಾದ ಒಡಲಿಗೇ ಸರಿದು ಸೇರುವ ಚಾಳಿ. ಕೊಡ ಹಾಲಿಗೆ ಹುಳಿಯ ತೊಟ್ಟು ಬಿದ್ದಂತೆ, ಲಕ್ಷದಲ್ಲಿ ಕೆಲವೇ ಕಣಗಳು ಸಾಕು. ಫ್ರಾನ್ಸಿನಲ್ಲಿ ಕಟ್ಟುತ್ತಿರುವ ಇಟರ್ ಯಂತ್ರದ ಪ್ಲಾಸ್ಮಾ 840 ಘನ ಮೀಟರು. ಅದರೊಳಗಿನ ಇಂಧನದ ತೂಕ ಒಂದು ಗ್ರಾಮಿಗೂ ಕಡಿಮೆ. ಲಕ್ಷಕ್ಕೊಂದರಂತೆ ಟಂಗ್‌ಸ್ಟನ್ ಸೇರಿತೆಂದರೆ ಒಟ್ಟು ಕಾಲು ಮಿಲಿಗ್ರಾಂ.

ಈ ಕಲ್ಮಶ ಬರುವುದೆಲ್ಲಿಂದ ಎಂದರೆ ಗೋಡೆಯಿಂದಲೇ. ಹಿಡಿತ ತಪ್ಪಿದ ಕಣಗಳು ಗೋಡೆಗೆ ಬಡಿದು ಪರಮಾಣುಗಳನ್ನು ಕಿತ್ತೆಬ್ಬಿಸುತ್ತವೆ. ಗೋಡೆಗೆ ಅಂಟಿದ ನೀರಾವಿ ಆಮ್ಲಜನಕವನ್ನು ಕೊಡುತ್ತದೆ. ಗೋಡೆ ಗ್ರಾಫೈಟಿನದಾದರೆ ಆ ಆಮ್ಲಜನಕ ಕಾರ್ಬನನ್ನು ಕೆರೆದು ಕಾರ್ಬನ್ ಮಾನಾಕ್ಸೈಡಾಗಿ ಪ್ಲಾಸ್ಮಾಕ್ಕೆ ಮರಳುತ್ತದೆ. ಅಸುಂಡಿಯವರು ಯೌವನದಲ್ಲಿ ಗಾಜಿನ ನಳಿಗೆಯಲ್ಲಿ ಬೆಳಗಿಸಿ ನೋಡಿದ ಅದೇ ಅನಿಲ.

ಕಲ್ಮಶದ ಅಂಜಿಕೆ ಸಮ್ಮಿಲನ ಸಂಶೋಧನೆಯಷ್ಟೇ ಹಳೆಯದು. ಪ್ರಿನ್ಸ್‌ಟನ್‌ನ ಲೈಮನ್ ಸ್ಪಿಟ್ಜರ್ 1951ರಲ್ಲೇ ಪ್ಲಾಸ್ಮಾದ ಹೊರಪದರವನ್ನು ಬೇರೆ ಕೋಣೆಗೆ ತಿರುಗಿಸುವ ಡೈವರ್ಟರಿನ ಕಲ್ಪನೆ ಮಾಡಿದ್ದರು. ಕಲ್ಮಶ ದಾರಿ ತೋರುವ ಸಾಕ್ಷಿಯೂ ಆಗುತ್ತಿತ್ತು, ಕೆಲವೊಮ್ಮೆ ಸುಳ್ಳುಸಾಕ್ಷಿ. 1958ರ ಜನವರಿಯಲ್ಲಿ ಬ್ರಿಟನ್ನಿನ ಹಾರ್ವೆಲ್ ಪ್ರಯೋಗಶಾಲೆ ತನ್ನ ಝೀಟಾ ಯಂತ್ರ ಐವತ್ತು ಲಕ್ಷ ಡಿಗ್ರಿ ಮುಟ್ಟಿತೆಂದು ಸಾರಿದಾಗ, ಆ ಉಷ್ಣತೆಯನ್ನು ಓದಿದ್ದು ಆಮ್ಲಜನಕ, ಸಾರಜನಕದಂಥ ಕಲ್ಮಶಗಳ ಗೆರೆಗಳ ಅಗಲದಿಂದ. ಗೆರೆ ಅಗಲವಾಗಿದ್ದುದು ಕಾವಿನಿಂದಷ್ಟೇ ಅಲ್ಲ, ಪ್ಲಾಸ್ಮಾದ ಒದ್ದಾಟದಿಂದ. ಕಂಡ ನ್ಯೂಟ್ರಾನುಗಳೂ ಕಾವಿನಿಂದ ಹುಟ್ಟಿದವಲ್ಲ. ಕೆಲವೇ ತಿಂಗಳಲ್ಲಿ ಘೋಷಣೆಯನ್ನು ಹಿಂತೆಗೆದುಕೊಳ್ಳಬೇಕಾಯಿತು.

ಜಿನೀವಾದ ಗಡುವು ತೀರಿದ 1975ರ ಕೊನೆಯಲ್ಲೇ ಪ್ರಿನ್ಸ್‌ಟನ್‌ನಲ್ಲಿ ಪಿಎಲ್‌ಟಿ ಎಂಬ ದೊಡ್ಡ ಟೋಕಮಾಕ್ ಶುರುವಾಯಿತು. ಪ್ಲಾಸ್ಮಾ ಗೋಡೆಗೆ ತಾಗದಂತೆ ತಡೆಯುವ ಲಿಮಿಟರಿಗೆ ಟಂಗ್‌ಸ್ಟನ್ ಬಳಸಿದ್ದರು, 3,400 ಡಿಗ್ರಿಗೂ ಕರಗದ ಲೋಹವೆಂಬ ಭರವಸೆಯಿಂದ. ಕರಗುವ ಮಾತು ಹಾಗಿರಲಿ, ಸಿಡಿದು ಒಳಹೊಕ್ಕ ಟಂಗ್‌ಸ್ಟನ್ ಪ್ಲಾಸ್ಮಾದ ನಡುವನ್ನೇ ತಣ್ಣಗಾಗಿಸಿತು. ಅಂಚು ಬಿಸಿ, ಒಡಲು ತಂಪು ಎಂಬ ತಲೆಕೆಳಗಾದ ಸ್ಥಿತಿ. ಅದನ್ನು ಕಿತ್ತು ಗ್ರಾಫೈಟ್ ಇಟ್ಟ ಮೇಲೆ, 1978ರಲ್ಲಿ, ಉಷ್ಣತೆ ಆರು ಕೋಟಿ ಡಿಗ್ರಿ ದಾಟಿತು. ಅಲ್ಲಿಂದ ಮೂರು ದಶಕ ಕಾರ್ಬನ್‌ನದೇ ಆಳ್ವಿಕೆ. ಅದೇನೂ ನಿಷ್ಕಳಂಕವಲ್ಲ. 1991ರ ನವೆಂಬರಿನಲ್ಲಿ ಇಂಗ್ಲೆಂಡಿನ ಜೆಟ್ ಯಂತ್ರ ಮೊದಲ ಬಾರಿಗೆ ಇಂಧನಕ್ಕೆ ಟ್ರಿಟಿಯಂ ಎಂಬ ಭಾರ ಹೈಡ್ರೋಜನ್ ಬೆರೆಸಿ ಮೆಗಾವ್ಯಾಟ್ ಮಟ್ಟದ ಶಕ್ತಿ ಪಡೆದಾಗ, ಕಾದ ಗೋಡೆಯಿಂದ ಕಾರ್ಬನ್ ಒಮ್ಮೆಗೇ ನುಗ್ಗಿ ಎರಡು ಸೆಕೆಂಡಿನಲ್ಲಿ ಆಟ ಮುಗಿಸಿತು. ಟ್ರಿಟಿಯಂ ಅನ್ನು ತನ್ನೊಳಗೆ ಹೀರಿ ಹಿಡಿದಿಡುವುದು ಕಾರ್ಬನಿನ ಇನ್ನೊಂದು ದೋಷ. ವಿಕಿರಣಶೀಲ ಇಂಧನ ಗೋಡೆಯಲ್ಲಿ ಜಮೆಯಾಗುವುದನ್ನು ಯಾವ ಸುರಕ್ಷತಾ ಮಂಡಳಿಯೂ ಒಪ್ಪದು.

ಇಲ್ಲೊಂದು ತಿರುವು ಟ್ರಾಂಬೆಯ ಹಳಬರಿಗೆ ನಗೆ ತರಿಸಬೇಕು. 1980ರ ದಶಕದ ಉತ್ತರಾರ್ಧದಲ್ಲಿ ಜರ್ಮನಿಯ ಯೂಲಿಶ್‌ನ ಟೆಕ್ಸ್‌ಟರ್ ಯಂತ್ರದ ಒಳಗೋಡೆಗೆ ಬೋರಾನ್ ಲೇಪ ಕೊಟ್ಟು ನೋಡಿದರು. ಬೋರಾನ್ ಆಮ್ಲಜನಕವನ್ನು ಕಟ್ಟಿಹಾಕಿತು, ಪ್ಲಾಸ್ಮಾ ಕಣ್ಣಿಗೆ ಕಾಣುವಷ್ಟು ಸುಧಾರಿಸಿತು. ಕೆಲವೇ ವರ್ಷಗಳಲ್ಲಿ ಲೋಕದ ಟೋಕಮಾಕ್‌ಗಳು ಹಲವು ಇದನ್ನು ಅನುಸರಿಸಿದವು. ಯುರೇನಿಯಂ ಬೀಜ ಒಡೆಯುವ ವಿದಳನದ ಮನೆಯಲ್ಲಿ ವಿಷವೆಂದು ದಶಲಕ್ಷದಲ್ಲೊಂದು ಪಾಲಿನ ತನಕ ಬೆನ್ನಟ್ಟಿ ಓಡಿಸಿದ ಬೋರಾನ್, ಸಮ್ಮಿಲನದ ಮನೆಯಲ್ಲಿ ಗೋಡೆಗೆ ಬಳಿಯುವ ಔಷಧವಾಯಿತು. ಕಲ್ಮಶವೆಂಬುದು ಧಾತುವಿನ ಗುಣವಲ್ಲ, ಕೆಲಸದ ಗುಣ. ನಿಯಾನ್, ಸಾರಜನಕಗಳನ್ನು ಈಗ ಬೇಕೆಂದೇ ಅಂಚಿಗೆ ಊದುತ್ತಾರೆ: ಅವು ಹೊರಪದರದಲ್ಲೇ ಬೆಳಗಿ ಕಾವನ್ನು ಸುತ್ತಲೂ ಹರಡಿದರೆ ಡೈವರ್ಟರಿನ ಒಂದೇ ಜಾಗ ಸುಟ್ಟುಹೋಗುವುದು ತಪ್ಪುತ್ತದೆ. ಬೆರಿಲಿಯಂನದೂ ಇಂಥದೇ ಕತೆ. ಹಗುರ ಧಾತು, ಆಮ್ಲಜನಕ ಹೀರುವುದರಲ್ಲಿ ನಿಪುಣ, ಪುಡಿ ಉಸಿರಿಗೆ ಹೋದರೆ ಶ್ವಾಸಕೋಶಕ್ಕೆ ಮಾರಕ. ಟ್ರಾಂಬೆಯ ಎದುರು ದಂಡೆಯ ವಾಶಿಯಲ್ಲಿ ಭಾಭಾ ಕೇಂದ್ರ ಬೆರಿಲಿಯಂ ಸ್ಥಾವರ ಕಟ್ಟಿದ್ದು ಬಾಹ್ಯಾಕಾಶದ ಅಗತ್ಯಕ್ಕಾಗಿ. ಅದೇ ಲೋಹವನ್ನು ಜೆಟ್ ತನ್ನ ಗೋಡೆಗೆ ಹೊದಿಸಿಕೊಂಡಿತು.

ಟ್ರಾಂಬೆ ಸ್ವತಃ ಟೋಕಮಾಕ್ ಕಟ್ಟಲಿಲ್ಲ. ಅಲ್ಲಿಯ ಪ್ಲಾಸ್ಮಾ ಕೆಲಸ ಲೋಹಕ್ಕೆ ಲೇಪ ಹಾಕುವ ಟಾರ್ಚು, ಕ್ಷಣಾರ್ಧದ ನ್ಯೂಟ್ರಾನ್ ಕೊಡುವ ಪ್ಲಾಸ್ಮಾ ಫೋಕಸ್ ಮುಂತಾದ ಕಡೆಗೆ ಹರಿಯಿತು. ಸಮ್ಮಿಲನದ ಹೆಸರು ಅಲ್ಲಿ ಜೋರಾಗಿ ಕೇಳಿಬಂದದ್ದು 1989ರಲ್ಲಿ, ಅದೂ ಕಾಂತಕ್ಷೇತ್ರದ ಹಂಗಿಲ್ಲದ ತಣ್ಣನೆಯ ಸಮ್ಮಿಲನದ ಗದ್ದಲದಲ್ಲಿ. ಕೋಣೆಯ ಉಷ್ಣತೆಯಲ್ಲೇ ಸಮ್ಮಿಲನ ಸಾಧಿಸಿದೆವೆಂಬ ಅಮೆರಿಕದ ಘೋಷಣೆ ಬಂದ ಕೆಲವೇ ವಾರಗಳಲ್ಲಿ, ಪಿ. ಕೆ. ಅಯ್ಯಂಗಾರ್ ನಿರ್ದೇಶಕರಾಗಿದ್ದ ಭಾಭಾ ಕೇಂದ್ರದ ಹಲವು ತಂಡಗಳು ನ್ಯೂಟ್ರಾನು, ಟ್ರಿಟಿಯಂ ಕಂಡೆವೆಂದು ವರದಿ ಮಾಡಿದವು. ಪ್ರಯೋಗಕ್ಕೆ ಬಳಸಿದ ಪಲ್ಲೇಡಿಯಂನಲ್ಲಿ, ಭಾರಜಲದಲ್ಲಿ ಮೊದಲೇ ಟ್ರಿಟಿಯಂ ಇದ್ದಿರಲಾರದೆ ಎಂಬುದೇ ಲೋಕದಾದ್ಯಂತ ಅಂಥ ಪ್ರಯೋಗಗಳಿಗೆ ಎದುರಾದ ಪ್ರಶ್ನೆ. ವಿಜ್ಞಾನಲೋಕದ ಬಹುಪಾಲು ಆ ಫಲಿತಾಂಶಗಳನ್ನು ಒಪ್ಪಲಿಲ್ಲ.

ಕಾಂತಕ್ಷೇತ್ರದ ದಾರಿ ಅಹಮದಾಬಾದ್‌ನತ್ತ ಹೋಯಿತು. ಪ್ರೇಧಿಮನ್ ಕೃಷನ್ ಕಾವ್ ಅವರ ನೇತೃತ್ವದಲ್ಲಿ 1982ರಲ್ಲಿ ಆರಂಭವಾದ ಪ್ಲಾಸ್ಮಾ ಕಾರ್ಯಕ್ರಮ 1986ರಲ್ಲಿ ಸ್ವತಂತ್ರ ಸಂಸ್ಥೆಯಾಗಿ, 1989ರಲ್ಲಿ ಗಾಂಧಿನಗರದ ಬಳಿ ಆದಿತ್ಯ ಟೋಕಮಾಕನ್ನು ನಡೆಸಿತು. ಮುಕ್ಕಾಲು ಮೀಟರ್ ತ್ರಿಜ್ಯದ ಆ ಉಂಗುರಕ್ಕೂ ಗ್ರಾಫೈಟ್ ಲಿಮಿಟರ್. ಗೋಡೆಯ ಕೊಳೆ ತೊಳೆಯಲು ಹೈಡ್ರೋಜನಿನ ಮಂದ ವಿಸರ್ಜನೆ, ಮುಂದೆ ಲಿಥಿಯಂ ಲೇಪ. ಎಷ್ಟು ಕಾರ್ಬನ್ ಒಳನುಸುಳಿತೆಂದು ತಿಳಿಯಲು ನೋಡುವುದು 464.7 ನ್ಯಾನೊಮೀಟರಿನ ನೀಲಿ ಗೆರೆಯನ್ನು. ಗಾಜಿನ ಫಲಕದ ಜಾಗಕ್ಕೆ ಇಲೆಕ್ಟ್ರಾನಿಕ್ ಕಣ್ಣು ಬಂತು, ವಿದ್ಯೆ ಹಳೆಯದೇ. 1996ರಲ್ಲಿ ಈ ಸಂಸ್ಥೆ ಪರಮಾಣು ಶಕ್ತಿ ಇಲಾಖೆಯ ಕೈಕೆಳಗೆ ಬಂದಾಗ ಸಮ್ಮಿಲನದ ಕಡತಗಳು ಮುಂಬಯಿಯ ಅಣುಶಕ್ತಿ ಭವನಕ್ಕೆ ಹಿಂದಿರುಗಿದವು.

2005ರ ಡಿಸೆಂಬರಿನಲ್ಲಿ ಭಾರತ ಇಟರ್ ಯೋಜನೆಗೆ ಸೇರಿತು. ಯಂತ್ರವನ್ನು ಆವರಿಸುವ ಕ್ರಯೊಸ್ಟಾಟ್ ಎಂಬ, ಮೂವತ್ತು ಮೀಟರಿನಷ್ಟು ಎತ್ತರದ, 3,850 ಟನ್ನಿನ ನಿರ್ವಾತ ಪಾತ್ರೆಯ ಗುತ್ತಿಗೆ 2012ರಲ್ಲಿ ಮುಂಬಯಿ ಮೂಲದ ಲಾರ್ಸನ್ ಅಂಡ್ ಟೂಬ್ರೊಗೆ ಸಿಕ್ಕಿತು. ಗುಜರಾತಿನ ಹಜೀರಾದಲ್ಲಿ ಭಾಗಭಾಗವಾಗಿ ತಯಾರಾಗಿ, ಮುಚ್ಚಳದ ಕೊನೆಯ ತುಂಡುಗಳು 2020ರಲ್ಲಿ ಹಡಗೇರಿದವು. ಸುದ್ದಿಯಾದದ್ದು ಈ ಉಕ್ಕಿನ ಗಾತ್ರ. ಕಲ್ಮಶದ ಚರಿತ್ರೆಗೆ ಹೆಚ್ಚು ಸೇರುವವು ಭಾರತದ ಪಾಲಿನ ಇನ್ನೆರಡು ಉಪಕರಣಗಳು. ಒಂದು, ಪ್ಲಾಸ್ಮಾದ ಎಕ್ಸ್ ಕಿರಣಗಳನ್ನು ಹರಳಿನಿಂದ ಬಿಡಿಸಿ ಯಾವ ಭಾರಧಾತು ಎಷ್ಟಿದೆ ಎಂದು ಓದುವ ರೋಹಿತಮಾಪಕ. ಇನ್ನೊಂದು ಒಂದು ಲಕ್ಷ ವೋಲ್ಟಿನ ಹೈಡ್ರೋಜನ್ ಪರಮಾಣುಗಳ ಕಿರಣಪುಂಜ. ಸಮ್ಮಿಲನದಿಂದಲೇ ಹುಟ್ಟುವ ಹೀಲಿಯಂ ಪ್ಲಾಸ್ಮಾದ ಬೂದಿ. ಹೊರಹೋಗದಿದ್ದರೆ ಅದೂ ಇಂಧನದ ಜಾಗ ಕಬಳಿಸುವ ಕಲ್ಮಶವೇ. ಬೆತ್ತಲಾದ ಹೀಲಿಯಂ ಬೀಜ ತಾನಾಗಿ ಬೆಳಗದು. ಒಳಕ್ಕೆ ತೂರಿದ ಕಿರಣಪುಂಜದಿಂದ ಒಂದು ಇಲೆಕ್ಟ್ರಾನನ್ನು ಕಸಿದುಕೊಂಡ ಗಳಿಗೆಯಲ್ಲಿ ಮಾತ್ರ ಅದು ತನ್ನ ಗೆರೆಯನ್ನು ತೋರಿಸುತ್ತದೆ.

ಇಟರ್‌ನ ಒಳಗೋಡೆಗೆ ಬೆರಿಲಿಯಂ ಬಿಟ್ಟು ಟಂಗ್‌ಸ್ಟನ್ ಹಾಕುವ ಪ್ರಸ್ತಾಪ 2023ರಲ್ಲಿ ಬಂದು, ಮರುವರ್ಷದ ಪರಿಷ್ಕೃತ ಯೋಜನೆಯಲ್ಲಿ ಸೇರಿತು. ಪಿಎಲ್‌ಟಿ ಕೈಬಿಟ್ಟ ಲೋಹ ಹೀಗೆ ಸುಮಾರು ಅರ್ಧ ಶತಮಾನದ ಬಳಿಕ ಮರಳುತ್ತಿದೆ: ಈಗ ಡೈವರ್ಟರ್ ಇದೆ, ಅಂಚನ್ನು ತಂಪಾಗಿಡುವ ಉಪಾಯ ತಿಳಿದಿದೆ, ಟ್ರಿಟಿಯಂ ಹೀರದ ಗೋಡೆ ಬೇಕಾಗಿದೆ. ಟಂಗ್‌ಸ್ಟನ್ ಮೇಲಿನ ಪೂರ್ತಿ ನಂಬಿಕೆ ಮಾತ್ರ ಇನ್ನೂ ಬಂದಿಲ್ಲ. ಅದೇ ಯೋಜನೆಯಲ್ಲಿ ಗೋಡೆಗೆ ಬೋರಾನ್ ಬಳಿಯುವ ಏರ್ಪಾಡನ್ನೂ ಸೇರಿಸಿದ್ದಾರೆ. ಸಂಶೋಧನಾ ಕಾರ್ಯ 2034ರಲ್ಲಿ ಆರಂಭವಾಗಬೇಕೆಂಬುದು ಈಗಿನ ಗುರಿ.